ಹೂಂ ಅಂದ ಬಸವ, ಊಹೂಂ ಅಂದ ಬಸವ

ಒಂದು ಸೋಮವಾರ ಸಂಜೆ ನನ್ನ ಮೊಮ್ಮಗ ಶಾಲೆಯಿಂದ ಬಂದವನೇ ಬ್ಯಾಗನ್ನು ಸೋಫಾದ ಮೇಲೆ ಎಸೆದ. ಬೂಟನ್ನೂ ಬಿಚ್ಚದೆ ನನ್ನ ಮುಂದೆ ಬಂದು ನಿಂತ.

“ಅಜ್ಜಿ, ಕೋಲೆ ಬಸವ ಅಂದ್ರೆ ಏನು? ಕೆಟ್ಟ ಮಾತಾ?”

“ಯಾರಿಗೆ ಅಂದರೋ ಆ ಮಾತು?”

“ನಂಗೇ. ಇಡೀ ಕ್ಲಾಸ್ ನಕ್ಕುಬಿಡ್ತು.”

ಆಗಿದ್ದು ಇಷ್ಟು. ಅವನ ಐದನೇ ತರಗತಿಯಲ್ಲಿ ಅಂದು ಲೀಡರ್ ಆಯ್ಕೆ. ನಿಂತವರು ಇಬ್ಬರು ಹುಡುಗರು, ಇಬ್ಬರೂ ಇವನ ಸ್ನೇಹಿತರೇ. ಊಟದ ಬಿಡುವಿನಲ್ಲಿ ಒಬ್ಬ ಹೆಗಲ ಮೇಲೆ ಕೈ ಹಾಕಿ “ನಂಗೇ ತಾನೆ?” ಅಂದಾಗ ಇವನು ಹೂಂ ಅಂದಿದ್ದಾನೆ. ನಲ್ಲಿಯ ಹತ್ತಿರ ಕೈ ತೊಳೆಯುವಾಗ ಇನ್ನೊಬ್ಬ ಕೇಳಿದಾಗಲೂ ಹೂಂ. ಕೊನೆಯ ಪೀರಿಯಡ್ಡಿನಲ್ಲಿ ಮಿಸ್ಸು ಕೈ ಎತ್ತಿಸಿ ಎಣಿಸಿದರು. ನಮ್ಮ ಹುಡುಗ ಎರಡು ಸಲವೂ ಕೈ ಎತ್ತಿಬಿಟ್ಟ. ಲೆಕ್ಕ ಹೊಂದಲಿಲ್ಲ. ಕೂತಿದ್ದ ಮಕ್ಕಳು 38, ಬಿದ್ದ ಓಟು 39! ಆ ಹೆಚ್ಚಿನ ಒಂದು ಓಟು ಯಾರದೆಂದು ಹುಡುಕಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದನಂತೆ: “ಕೋಲೆ ಬಸವ!”

ಹಾಗೆ ಕೂಗಿದ ಹುಡುಗನ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇರಲೇಬೇಕು. ಇಲ್ಲದಿದ್ದರೆ ಈ ಕಾಲದ ಹುಡುಗನ ಬಾಯಿಗೆ ಆ ಪದ ಎಲ್ಲಿಂದ ಬರಬೇಕು! ಬೇಸರದ ನಡುವೆಯೂ ನನಗೆ ಒಳಗೊಳಗೇ ಖುಷಿಯಾಯಿತು. ಪದವಂತೂ ಬದುಕಿದೆಯಲ್ಲ.

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ಕೋಲೆ ಬಸವನನ್ನು ನೋಡಿದ್ದೀರೋ ಗೊತ್ತಿಲ್ಲ. ನಿಮ್ಮ ಅಜ್ಜ ಅಜ್ಜಿ ನೋಡಿಯೇ ಇರುತ್ತಾರೆ, ಕೇಳಿ ನೋಡಿ. ನಮ್ಮ ಹಳ್ಳಿಗೆ ಅದು ಸುಗ್ಗಿ ಮುಗಿದು ಕಣದಲ್ಲಿ ರಾಗಿ ರಾಶಿ ಬಿದ್ದ ಮೇಲೆ, ಸಂಕ್ರಾಂತಿಯ ಆಸುಪಾಸಿನಲ್ಲಿ ಬರುತ್ತಿತ್ತು. ಮೊದಲು ಕೇಳಿಸುತ್ತಿದ್ದುದು ವಾಲಗದ ದನಿ, ಆಮೇಲೆ ಡೋಲು, ಆಮೇಲೆ ಗೆಜ್ಜೆ. ಅಷ್ಟರಲ್ಲಿ ನಾವು ಮಕ್ಕಳೆಲ್ಲ ಬೀದಿಯಲ್ಲಿ. ಬಸವನ ಬೆನ್ನ ಮೇಲೆ ಬಣ್ಣಬಣ್ಣದ ಚೂರು ಬಟ್ಟೆ ಸೇರಿಸಿ ಹೊಲಿದ ಜೂಲು, ಹಣೆಗೆ ಕವಡೆಯ ಪಟ್ಟಿ, ಕೊರಳಿಗೆ ಗಂಟೆ, ಕೊಂಬಿನ ತುದಿಗೆ ಹಿತ್ತಾಳೆಯ ಅಣಸು. ಕೆಲವು ಸಲ ಜೋಡಿಯೇ ಬರುತ್ತಿತ್ತು. ಒಂದು ರಾಮ, ಇನ್ನೊಂದು ಸೀತೆ. ನಡುಬೀದಿಯಲ್ಲೇ ಅವಕ್ಕೆ ಮದುವೆ ಮಾಡಿಸಿ, ನೋಡಿದವರಿಂದ ಮುಯ್ಯಿ ಎತ್ತುತ್ತಿದ್ದರು!

ಆಡಿಸುವವನು ಮನೆ ಬಾಗಿಲಿಗೆ ಬಂದು ಕೇಳುವನು: “ಬಸವಣ್ಣಾ, ಈ ಮನೆ ಯಜಮಾನರು ಧರ್ಮವಂತರಾ?” ಬಸವ ಕತ್ತನ್ನು ಮೇಲೆ ಕೆಳಗೆ ಆಡಿಸಿ ಹೂಂ ಅನ್ನುವನು. “ಈ ವರ್ಷ ಮಳೆ ಬೆಳೆ ಚೆನ್ನಾಗಾಗುತ್ತಾ?” ಹೂಂ. “ಅಮ್ಮಾವ್ರು ಮೊರದ ತುಂಬಾ ರಾಗಿ ಕೊಡ್ತಾರಾ?” ಜೋರಾಗಿ ಹೂಂ. ಆಗ ನಮ್ಮಮ್ಮ ನಗುತ್ತ ಒಳಗೆ ಹೋಗಿ ಮೊರ ತರಲೇಬೇಕು. ಬಸವಣ್ಣನೇ ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?

ಹೀಗೆ ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಪ್ರಾಣಿಯನ್ನು ನೋಡಿ ನೋಡಿ ನಮ್ಮ ಜನ ಆ ಹೆಸರನ್ನು ಮನುಷ್ಯನಿಗೂ ಇಟ್ಟರು. ಸ್ವಂತ ಬುದ್ಧಿಯಿಲ್ಲ, ಯಾರು ಏನೆಂದರೂ ಒಪ್ಪುತ್ತಾನೆ, ಮುಂದೆ ಕೂತವನು ಎಳೆದ ಕಡೆಗೆ ವಾಲುತ್ತಾನೆ. ಅಂಥವನೇ ಕೋಲೆ ಬಸವ. ಕೆಲವು ಕಡೆ ಕೌಲೆ ಬಸವ ಅಂತಲೂ ಅನ್ನುತ್ತಾರೆ. ಇದು ನಮ್ಮ ಜಾಣತನ ಮಾತ್ರ ಅಂದುಕೊಳ್ಳಬೇಡಿ. ತೆಲುಗರು ಇಂಥ ಬಸವನನ್ನು ಗಂಗಿರೆದ್ದು ಅನ್ನುತ್ತಾರೆ, ಗಂಗಿರೆದ್ದಿನ ಹಾಗೆ ತಲೆಯಾಡಿಸುತ್ತಾನೆ ಅಂತ ಅವರಲ್ಲೂ ಹೀಯಾಳಿಸುತ್ತಾರೆ. ಮರಾಠಿಯವರಿಗೆ ಅದು ನಂದೀಬೈಲು, ತಮಿಳರಿಗೆ ಬೂಂ ಬೂಂ ಮಾಡು. ತಮಿಳಿನಲ್ಲಿ ಮಾಡು ಅಂದರೆ ದನ. ಬೂಂ ಬೂಂ ಅನ್ನುವುದು ಅದರ ಜೊತೆಗೆ ಬಾರಿಸುವ ವಾದ್ಯದ ಸದ್ದು. ನಾಲ್ಕು ಭಾಷೆಯವರೂ ಒಂದೇ ಪ್ರಾಣಿಯನ್ನು ನೋಡಿ, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ಬೈಗುಳ ಕಟ್ಟಿದ್ದಾರೆ!

ವಿಚಿತ್ರ ನೋಡಿ. ಬಸವ ಅನ್ನುವ ಪದ ಬಂದಿರುವುದು ಸಂಸ್ಕೃತದ ವೃಷಭದಿಂದ. ಶಿವನ ಗುಡಿಯಲ್ಲಿ ಅವನಿಗೆ ಕೈಮುಗಿಯುತ್ತೇವೆ. ಬೆಂಗಳೂರಿನ ಬಸವನಗುಡಿಗೆ ಹೆಸರು ಬಂದದ್ದೇ ಅಲ್ಲಿನ ದೊಡ್ಡ ಬಸವಣ್ಣನಿಂದ. ಕಾರ್ತಿಕದ ಕಡೆಯ ಸೋಮವಾರ ಅವನಿಗೆ ಕಡಲೆಕಾಯಿ ಪರಿಷೆ. ಅದೇ ಬಸವ ಬೀದಿಗೆ ಬಂದರೆ ಮಾತ್ರ ಬೈಗುಳ. ಅದೂ ಒಂದಲ್ಲ, ಎರಡು! ಎಲ್ಲರ ಮಾತಿಗೂ ತಲೆಯಾಡಿಸಿದರೆ ಕೋಲೆ ಬಸವ. ಯಾರ ಮಾತನ್ನೂ ಕೇಳದೆ ಕಂಡ ಕಡೆ ಅಲೆದರೆ ಬೀದಿ ಬಸವ. ದೇವರ ಹೆಸರಿನಲ್ಲಿ ಊರ ಮೇಲೆ ಬಿಟ್ಟ ಬಸವ ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುತ್ತಿರಲಿಲ್ಲ, ಆ ಸ್ವಾತಂತ್ರ್ಯ ಕಂಡು ಕಟ್ಟಿದ ಮಾತು ಅದು. ಪಾಪದ ಪ್ರಾಣಿ, ಹೇಗಿದ್ದರೂ ತಪ್ಪು.

ಸುಲಭವಾಗಿ ಬಾಗುವವರಿಗೆ ನಮ್ಮಲ್ಲಿ ಬೇರೆ ಹೆಸರುಗಳೂ ಉಂಟು. ಚಾಡಿ ಕೇಳಿ ಮನಸ್ಸು ಕೆಡಿಸಿಕೊಳ್ಳುವವರದು ಹಿತ್ತಾಳೆ ಕಿವಿ. ಕೈಕೇಯಿಯನ್ನು ನೆನೆಸಿಕೊಳ್ಳಿ. ರಾಮನಿಗೆ ಪಟ್ಟ ಕಟ್ಟುತ್ತಾರೆ ಎಂಬ ಸುದ್ದಿ ತಂದ ಮಂಥರೆಗೆ ಅವಳು ಮೊದಲು ಸಂತೋಷದಿಂದ ಒಡವೆ ಕೊಟ್ಟವಳು. ಆಮೇಲೆ ಮಂಥರೆ ಬಾಯಿ ಬಿಟ್ಟಳು. ರಾಮ 14 ವರ್ಷ ಕಾಡಿಗೆ ಹೋದ. ಸೋಲುವುದು ಗೊತ್ತಿದ್ದೂ ಚುನಾವಣೆಗೆ ನಿಲ್ಲಿಸಿದ ಅಭ್ಯರ್ಥಿಯನ್ನು ಪತ್ರಿಕೆಯವರು ಹರಕೆಯ ಕುರಿ ಅನ್ನುತ್ತಾರೆ. ಇವೆಲ್ಲ ಇರಲಿ, ನಮ್ಮ ಹುಡುಗನಿಗೆ ಸಿಕ್ಕಿದ್ದು ಬಸವ. ಅಲ್ಲಿಗೇ ಬರೋಣ.

ನನಗೆ ಆರೋ ಏಳೋ ವರ್ಷ ಇದ್ದಾಗ, ಬಸವನಿಗೆ ಮಾತು ತಿಳಿಯುತ್ತದೆ ಅಂತಲೇ ನಂಬಿದ್ದೆ. ಒಂದು ವರ್ಷ ಜಗಲಿಯ ಮೇಲೆ ಕೂತಿದ್ದ ನಮ್ಮ ತಾತ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು: “ತಲೆ ನೋಡಬೇಡ ಮಗಾ, ಕೈ ನೋಡು.” ನೋಡಿದೆ. ಮೂಗುದಾರಕ್ಕೆ ಕಟ್ಟಿದ ಹಗ್ಗ ಆಡಿಸುವವನ ಎಡಗೈಯಲ್ಲಿತ್ತು. ಪ್ರಶ್ನೆ ಮುಗಿಯುವ ಹೊತ್ತಿಗೆ ಎರಡು ಬೆರಳು ಸಣ್ಣಗೆ ಅಲುಗಿದವು. ಬಸವ ಹೂಂ ಅಂದ. ಆಮೇಲೆ ಅವನು “ಹರಕು ಬಟ್ಟೆ ಕೊಟ್ಟರೆ ಸಾಕಾ ಬಸವಣ್ಣಾ?” ಅಂದ. ಬೆರಳು ಬೇರೆ ಥರ ಅಲುಗಿತು. ಬಸವ ತಲೆಯನ್ನು ಅಡ್ಡಡ್ಡ ಆಡಿಸಿ ಊಹೂಂ ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಏನೋ ಕಳೆದುಕೊಂಡ ಹಾಗಾಗಿತ್ತು.

ಇಲ್ಲೊಂದು ಮಾತು ಗಮನಿಸಬೇಕು. ಕೋಲೆ ಬಸವ ಊಹೂಂ ಕೂಡ ಅನ್ನುತ್ತಾನೆ! ಬೈಯುವಾಗ ನಾವು ಅವನ ಹೂಂ ಮಾತ್ರ ಎತ್ತಿಕೊಂಡಿದ್ದೇವೆ, ಊಹೂಂ ಬಿಟ್ಟಿದ್ದೇವೆ. ಅದಕ್ಕಿಂತ ಮುಖ್ಯವಾಗಿ ಹಗ್ಗವನ್ನು ಬಿಟ್ಟಿದ್ದೇವೆ.

ಇಷ್ಟನ್ನೂ ಹೇಳಿದ ಮೇಲೆ ಮೊಮ್ಮಗ ಮೂಗು ಮುಟ್ಟಿ ನೋಡಿಕೊಂಡ. “ನಂಗೇನೂ ಹಗ್ಗ ಇರ್ಲಿಲ್ವಲ್ಲ ಅಜ್ಜಿ?”

ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಅವನಿಗೆ ಹಾನ್ಸ್ ಎಂಬ ಕುದುರೆಯ ಕತೆ ಹೇಳಿದೆ. ಕತೆಯಲ್ಲ, ನಿಜ. ಸುಮಾರು 1904ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಮೇಷ್ಟ್ರ ಕುದುರೆ ಲೆಕ್ಕ ಮಾಡುತ್ತಿತ್ತು. ಮೂರು ಮತ್ತು ನಾಲ್ಕು ಕೂಡಿದರೆ ಎಷ್ಟು ಅಂದರೆ ಗೊರಸಿನಿಂದ ಏಳು ಸಲ ನೆಲ ಕುಟ್ಟುತ್ತಿತ್ತು. ಮೂಗುದಾರ ಎಳೆಯುವವರಿಲ್ಲ, ಮೋಸವಿಲ್ಲ. ಮೇಷ್ಟ್ರಿಗೇ ಅದರ ಮೇಲೆ ಪೂರ್ಣ ನಂಬಿಕೆ. ಕೊನೆಗೆ ಓಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ ಕೂತು ಪರೀಕ್ಷಿಸಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಕೇಳುವವನು ಕಾಣದಂತೆ ಮರೆ ಮಾಡಿದರೂ ತಪ್ಪುತ್ತಿತ್ತು. ಹಾನ್ಸ್ ಎಣಿಸುತ್ತಲೇ ಇರಲಿಲ್ಲ! ಅದು ಮನುಷ್ಯರನ್ನು ನೋಡುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವನ ತಲೆ ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅಷ್ಟು ಸಾಕು, ಕುದುರೆ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. 1907ರಲ್ಲಿ ಫುಂಗ್‌ಸ್ಟ್ ಇದನ್ನೆಲ್ಲ ಬರೆದು ಪ್ರಕಟಿಸಿದ.

“ನೀನು ಕೈ ಎತ್ತುವಾಗ ಯಾರನ್ನು ನೋಡ್ತಿದ್ದೆ?” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅವನ ಮುಖ. ಆಮೇಲೆ ಇವನ ಮುಖ.”

ಮುಖ ನೋಡಿ ಬಾಗುವುದು ಬುದ್ಧಿ ಇಲ್ಲದ್ದಕ್ಕೆ ಅಂತ ನಾವು ಅಂದುಕೊಳ್ಳುತ್ತೇವೆ. ಅಷ್ಟು ಸುಲಭವಲ್ಲ. ಪಂಚತಂತ್ರದ ಆ ಮೇಕೆಯ ಕತೆ ನಿಮಗೆಲ್ಲ ಗೊತ್ತು. ಬ್ರಾಹ್ಮಣನೊಬ್ಬ ಮೇಕೆಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದಾನೆ. ಮೂವರು ಕಳ್ಳರು ದಾರಿಯಲ್ಲಿ ದೂರ ದೂರ ನಿಂತುಕೊಂಡಿದ್ದಾರೆ. ಮೊದಲನೆಯವನು “ನಾಯಿಯನ್ನೇಕೆ ಹೊತ್ತಿದ್ದೀರಿ ಸ್ವಾಮಿ?” ಅನ್ನುತ್ತಾನೆ. ಬ್ರಾಹ್ಮಣ ರೇಗಿ ಮುಂದೆ ಹೋಗುತ್ತಾನೆ. ಎರಡನೆಯವನು ಹಾಗೇ ಅಂದಾಗ ಇಳಿಸಿ ಒಮ್ಮೆ ನೋಡುತ್ತಾನೆ. ಮೂರನೆಯವನೂ ಹಾಗೇ ಅಂದಾಗ ಮೇಕೆಯನ್ನು ಅಲ್ಲೇ ಬಿಟ್ಟು ಓಡಿಹೋಗುತ್ತಾನೆ. ಚಿಕ್ಕವಳಿದ್ದಾಗ ಎಂಥ ದಡ್ಡ ಅಂತ ನಕ್ಕಿದ್ದೆ. ಹೆಗಲ ಮೇಲಿನ ಮೇಕೆ ಮ್ಯಾ ಅಂದಿರಲಿಲ್ಲವೇ?

1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ ಹೆಚ್ಚುಕಡಿಮೆ ಇದೇ ಕತೆಯನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ ನೋಡಿದ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ, ಹೇಳಿ. ಒಂಟಿಯಾಗಿ ಕೇಳಿದರೆ ಯಾರೂ ತಪ್ಪುವುದಿಲ್ಲ ಅನ್ನುವಷ್ಟು ಸುಲಭ. ಆದರೆ ಕೋಣೆಯಲ್ಲಿ ಕೂತಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಅವರು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಪಾಪ, ಏನೂ ತಿಳಿಯದವನ ಸರದಿ ಬರುವ ಹೊತ್ತಿಗೆ ಅವನ ಕಣ್ಣೇ ಅವನಿಗೆ ಅನುಮಾನ! ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆ ತಪ್ಪು ಹೇಳಿದರು. ಒಟ್ಟಾರೆ ಮೂರು ಸಲಕ್ಕೆ ಒಂದು ಸಲದಷ್ಟು ಬಾಗಿದರು. ಅವರೇನೂ ದಡ್ಡರಲ್ಲ. ಉತ್ತರ ತಪ್ಪು ಅಂತ ಗೊತ್ತಿದ್ದೂ, ನಾನೊಬ್ಬನೇ ಬೇರೆ ಕಾಣಬಾರದು ಅಂತ ಹೇಳಿದವರೂ ಅವರಲ್ಲಿದ್ದರು.

ಆಶ್ ಇನ್ನೂ ಒಂದು ಲೆಕ್ಕ ನೋಡಿದ. ಎದುರಿಗೆ ಒಬ್ಬನೇ ತಪ್ಪು ಹೇಳಿದರೆ ಯಾರೂ ಅಷ್ಟಾಗಿ ಬಾಗುತ್ತಿರಲಿಲ್ಲ. ಇಬ್ಬರಾದರೆ ಸ್ವಲ್ಪ. ಮೂವರಾದರೆ ಒತ್ತಡ ಹೆಚ್ಚುಕಡಿಮೆ ಪೂರ್ತಿಯಾಗುತ್ತಿತ್ತು, ಅದಕ್ಕಿಂತ ಜನ ಹೆಚ್ಚಿಸಿದರೂ ಅಂಥ ವ್ಯತ್ಯಾಸವಿಲ್ಲ. ಮೂವರು! ನಮ್ಮ ಪಂಚತಂತ್ರದ ಕಳ್ಳರು ಯಾವ ಕಾಲೇಜಿನಲ್ಲಿ ಓದಿದ್ದರೋ.

ಈ ಮೂರರ ಲೆಕ್ಕ ಓದಿದ ದಿನ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೊಮ್ಮಗನಿಗೂ ಹೇಳಿರದ ಒಂದು ವಿಷಯವನ್ನು ಅಂದು ಅವನಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನು ಏಳನೇ ತರಗತಿಯಲ್ಲಿದ್ದಾಗ ಗಣಪತಿ ಹಬ್ಬಕ್ಕೆಂದು ಮಕ್ಕಳಿಂದ ಕೂಡಿಸಿದ್ದ ಚಂದಾ ಹಣದಲ್ಲಿ ಎರಡೂವರೆ ರೂಪಾಯಿ ಕಾಣೆಯಾಯಿತು. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಹುಡುಗಿಯ ಮೇಲೆ ಅನುಮಾನ ಬಂತು. ಕಾರಣ ಬೇರೇನಿಲ್ಲ. ಅವಳ ಮನೆಯಲ್ಲಿ ಬಡತನ, ಎರಡು ಜಡೆಗೂ ಬೇರೆ ಬೇರೆ ಬಣ್ಣದ ಟೇಪು. ಮೇಷ್ಟ್ರು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದರು: “ಬಿಡುವಿನಲ್ಲಿ ಇವಳು ಮೇಜಿನ ಹತ್ತಿರ ಹೋಗಿದ್ದಳೋ ಇಲ್ಲವೋ?” ಮೊದಲನೆಯವಳು ಹೌದು ಸಾರ್ ಅಂದಳು. ಎರಡನೆಯವಳೂ ಹೌದು. ಮೂರನೆಯವಳೂ. ನಾಲ್ಕನೆಯವಳು ನಾನು. ಬಿಡುವಿನ ಹೊತ್ತೆಲ್ಲ ಅವಳು ನನ್ನ ಜೊತೆ ಹುಣಸೆಮರದ ಕೆಳಗೆ ಚೌಕಾಬಾರ ಆಡುತ್ತಿದ್ದಳು. ನನಗೆ ಗೊತ್ತಿತ್ತು. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ತಲೆಯಾಡಿಸಿದೆ. ಬಾಯಿ ಕೂಡ ಬಿಡಲಿಲ್ಲ, ಬರೀ ತಲೆ.

ಅವಳ ಎರಡು ಅಂಗೈಗೂ ಬೆತ್ತದ ಏಟು ಬಿತ್ತು. ಹತ್ತು ದಿನ ಕಳೆದ ಮೇಲೆ ಆ ದುಡ್ಡು ಹಾಜರಿ ಪುಸ್ತಕದ ಹೊದಿಕೆಯ ಒಳಗೇ ಸಿಕ್ಕಿತು. ಯಾರೂ ಆ ಬಗ್ಗೆ ಮಾತೆತ್ತಲಿಲ್ಲ. ಅವಳು ಅಷ್ಟು ಹೊತ್ತಿಗೆ ಜಾಗ ಬದಲಾಯಿಸಿ ಹಿಂದಿನ ಸಾಲಿಗೆ ಹೋಗಿದ್ದಳು. ವರ್ಷ ಮುಗಿಯುವವರೆಗೂ ನನ್ನ ಜೊತೆ ಜಗಳವನ್ನೂ ಆಡಲಿಲ್ಲ, ಮಾತನ್ನೂ ಆಡಲಿಲ್ಲ. ಮುಂದಿನ ವರ್ಷ ಅವರ ಮನೆಯವರು ಊರು ಬಿಟ್ಟರು. ತಪ್ಪಾಯಿತು ಅನ್ನಲು ನನಗೆ ಆ ಒಂದು ವರ್ಷವೆಲ್ಲ ಇತ್ತು.

ಆಶ್‌ನ ಪ್ರಯೋಗದಲ್ಲಿ ನನಗೆ ಅತಿ ಹೆಚ್ಚು ಚುಚ್ಚಿದ್ದು ಈ ಭಾಗ. ಆ ಗುಂಪಿನಲ್ಲಿ ಒಬ್ಬನೇ ಒಬ್ಬ ನಿಜ ಹೇಳಿದರೆ ಸಾಕಿತ್ತು. ಆಗ ಉಳಿದವನು ಬಾಗುವುದು ಮೊದಲಿನ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತಿತ್ತು. ಅಂದು ನನ್ನ ಹಿಂದೆ ಇನ್ನೂ ಎಂಟು ಹತ್ತು ಹುಡುಗಿಯರು ನಿಂತಿದ್ದರು. ಚೌಕಾಬಾರ ಆಡಿದ್ದನ್ನು ಅವರಲ್ಲಿ ಕೆಲವರಾದರೂ ನೋಡಿದ್ದರು.

ಮೊಮ್ಮಗ ಏನೂ ಹೇಳಲಿಲ್ಲ. ಬೂಟು ಬಿಚ್ಚಿಟ್ಟು ಬಂದು ಪಕ್ಕದಲ್ಲಿ ಕೂತ.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಬೇರೆ ಗೋಳು ಶುರುವಾಯಿತು. ಹುಡುಗ ಎಲ್ಲದಕ್ಕೂ ಬೇಡ ಅನ್ನತೊಡಗಿದ. ಹಾಲು ಬೇಡ, ಹುರುಳಿಕಾಯಿ ಪಲ್ಯ ಬೇಡ, ಸ್ನಾನ ಬೇಡ, ಮನೆಪಾಠವಂತೂ ಬೇಡವೇ ಬೇಡ. “ನಾನು ಕೋಲೆ ಬಸವ ಅಲ್ಲ” ಅಂತ ಘೋಷಣೆ ಬೇರೆ. ನನ್ನ ಸೊಸೆ “ಅತ್ತೆ, ಇವನಿಗೆ ನೀವು ಏನು ಹೇಳಿಕೊಟ್ಟಿರಿ?” ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಬುಧವಾರ ಅವನು ತನ್ನ ಬ್ಯಾಟನ್ನು ಪಕ್ಕದ ಮನೆಯ ಚಿಕ್ಕ ಹುಡುಗನಿಗೆ ಕೊಡುವುದಿಲ್ಲ ಅಂದ. ಯಾವಾಗಲೂ ಕೊಡುತ್ತಿದ್ದವನು. ಯಾಕೋ ಅಂದರೆ, “ಕೊಟ್ರೆ ಎಲ್ರೂ ನಗ್ತಾರೆ” ಅಂದ.

“ನಿಂಗೆ ಕೊಡೋಕೆ ಇಷ್ಟ ಇತ್ತಾ?”

“ಇತ್ತು. ಅವ್ನು ಚೆನ್ನಾಗಿ ಆಡ್ತಾನೆ.”

“ಹಾಗಾದ್ರೆ ಈ ಊಹೂಂ ಯಾರ ಕೈಲಿದೆ?”

ಅವನು ಉತ್ತರಿಸಲಿಲ್ಲ. ಬ್ಯಾಟು ಹಿಡಿದುಕೊಂಡು ಹೊರಗೆ ಹೋದ. ಕೊಟ್ಟನೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಭಾನುವಾರ ಬೆಳಗ್ಗೆ, ಹೇಳಿ ಕಳಿಸಿದ ಹಾಗೆ, ನಮ್ಮ ಬೀದಿಗೇ ಕೋಲೆ ಬಸವ ಬಂತು. ವರ್ಷಕ್ಕೊಮ್ಮೆಯೋ ಎರಡು ಸಲವೋ ಈಗಲೂ ಬರುತ್ತದೆ. ಸ್ಕೂಟರು ಕಾರುಗಳ ಮಧ್ಯೆ ದಾರಿ ಮಾಡಿಕೊಂಡು, ಅದೇ ಜೂಲು, ಅದೇ ಗೆಜ್ಜೆ. ವಾಲಗ ಊದುತ್ತಿದ್ದವನು ನಡುವಯಸ್ಸಿನವನು. ಮಾತಿಗೆ ಎಳೆದಾಗ, ತನ್ನ ಮಕ್ಕಳು ಓದುತ್ತಿದ್ದಾರೆ, ಅವರು ಇದಕ್ಕೆ ಬರುವುದಿಲ್ಲ ಅಂದ. ಆ ದನಿಯಲ್ಲಿ ಸಮಾಧಾನವೂ ಇತ್ತು, ಇನ್ನೇನೋ ಇತ್ತು. ಬಸವನ ಕೊರಳು ನೇವರಿಸುತ್ತ, ಇವನಿಗೆ ಹಾಕಿ ಉಳಿದರೆ ನಮಗೆ ಊಟ ಅಂದ.

ಮೊಮ್ಮಗನನ್ನು ನೋಡಿ ರೂಢಿಯ ಪ್ರಶ್ನೆ ಹಾಕಿದ: “ಬಸವಣ್ಣಾ, ಈ ಮಗು ಚೆನ್ನಾಗಿ ಓದುತ್ತಾ?” ಬಸವನ ಗಮನವೆಲ್ಲ ಪಕ್ಕದ ಮನೆಯವರು ಇಟ್ಟಿದ್ದ ಬಾಳೆಹಣ್ಣಿನ ಸಿಪ್ಪೆಯ ಮೇಲೆ. ಹೂಂ ಇಲ್ಲ, ಊಹೂಂ ಇಲ್ಲ. ಇನ್ನೊಮ್ಮೆ ಕೇಳಿದ, ಹಗ್ಗ ಜಗ್ಗಿದ. ಬಸವ ಸಿಪ್ಪೆ ಪೂರ್ತಿ ತಿಂದು, ನಾಲಿಗೆಯಿಂದ ಮೂಗು ಒರೆಸಿಕೊಂಡು, ಆಮೇಲೆ ಬೇಕಾದರೆ ತಗೋ ಅನ್ನುವ ಹಾಗೆ ಒಂದು ಸಲ ಹೂಂ ಅಂದ. ನಾವೆಲ್ಲ ಬಸವನ ತಲೆ ನೋಡಿ ನಗುತ್ತಿದ್ದೆವು. ಮೊಮ್ಮಗ ಮಾತ್ರ ಕಣ್ಣು ಕೀಲಿಸಿ ಆ ಮನುಷ್ಯನ ಕೈ ನೋಡುತ್ತಿದ್ದ. ಆಮೇಲೆ ಒಳಗೆ ಓಡಿ, ಅವರಮ್ಮನನ್ನು ಕೇಳದೆ, ಡಬ್ಬಿಯ ತುಂಬ ಅಕ್ಕಿ ತಂದು ಜೋಳಿಗೆಗೆ ಸುರಿದ.

ಲೀಡರ್ ಆಯ್ಕೆ ಮುಂದಿನ ವಾರಕ್ಕೆ ಹೋಗಿತ್ತಲ್ಲ, ಅದರ ಕತೆ ಇಷ್ಟು. ಆಶ್‌ನ ಪ್ರಯೋಗದಲ್ಲಿ ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಕಾಗದದ ಮೇಲೆ ಬರೆದುಕೊಡಿ ಅಂದಾಗ ಬಾಗುವವರು ತೀರಾ ಕಡಿಮೆಯಾಗಿದ್ದರು. ನಮ್ಮ ದೇಶದ ಚುನಾವಣೆಯಲ್ಲೂ ಮತ ಹಾಕುವ ಕಡೆ ಮರೆ ಇಡುತ್ತಾರೆ. ಯಾರ ಮುಖವೂ ಕಾಣಬಾರದು, ನಮ್ಮ ಕೈ ಯಾರಿಗೂ ಕಾಣಬಾರದು. ಇದನ್ನು ಹುಡುಗನಿಗೆ ಹೇಳಿದ್ದೆ. ಅವನು ಸೋಮವಾರ ಹೋಗಿ ಮಿಸ್ಸನ್ನು ಕೇಳಿದನಂತೆ, ಕೈ ಎತ್ತುವುದರ ಬದಲು ಚೀಟಿ ಹಾಕಬಹುದಾ ಅಂತ. ಅವರು ಒಪ್ಪಿದರು. ಚಾಕ್‌ಪೀಸಿನ ಖಾಲಿ ಡಬ್ಬಿಯೇ ಮತಪೆಟ್ಟಿಗೆ. ಈ ಸಲ 38 ಮಕ್ಕಳು, 38 ಚೀಟಿ.

ಸಂಜೆ ಬಂದವನನ್ನು ಕುತೂಹಲ ತಡೆಯಲಾರದೆ ಕೇಳಿದೆ: “ನೀನು ಯಾರಿಗೋ ಹಾಕಿದೆ?”

ಹಾಲಿನ ಲೋಟದಿಂದ ತಲೆ ಎತ್ತದೆ ಅಂದ:

“ಅದನ್ನ ಹೇಳಬಾರದು ಅಜ್ಜಿ.”